ಹಳೆಯ ಮೋಟಾರಿನ ವೇಗಮಾಪಕವೂ ಅದರ ಹಲ್ಲುಚಕ್ರಗಳೂ

ಮನೆಯಲ್ಲಿರುವ ಸಾಮಾನುಗಳಲ್ಲಿ ಕೆಲವು ನಮಗಾಗಿ ದುಡಿಯುತ್ತವೆ. ಕೆಲವು ನಮಗೆ ಸಂಗತಿಯನ್ನು ತಿಳಿಸುತ್ತವೆ. ಒರಳು, ಬೀಸುವ ಕಲ್ಲು, ಹೊಲಿಗೆಯ ಯಂತ್ರ ಇವು ಮೊದಲನೆಯ ಜಾತಿಯವು. ಗಡಿಯಾರ, ತಕ್ಕಡಿ, ಜ್ವರ ನೋಡುವ ಕಡ್ಡಿ ಇವು ಎರಡನೆಯ ಜಾತಿಯವು. ದುಡಿಯುವ ಸಾಮಾನು ಕೆಟ್ಟರೆ ಕೆಲಸವು ನಿಲ್ಲುತ್ತದೆ. ಕೆಟ್ಟಿತೆಂಬುದು ಆ ಕ್ಷಣದಲ್ಲಿಯೇ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಸಂಗತಿ ತಿಳಿಸುವ ಸಾಮಾನು ಕೆಟ್ಟರೆ ಹಾಗಲ್ಲ. ಅದು ಒಮ್ಮೊಮ್ಮೆ ಮೌನವನ್ನು ತಾಳುತ್ತದೆ. ಒಮ್ಮೊಮ್ಮೆ ಮೊದಲಿನ ಗಾಂಭೀರ್ಯದಿಂದಲೇ ಸುಳ್ಳನ್ನು ಹೇಳುತ್ತಿರುತ್ತದೆ. ಮೌನದಿಂದಾಗುವ ಹಾನಿ ಅಲ್ಪ. ನಾವು ನಂಬಿಕೊಂಡಿರುವ ಸುಳ್ಳಿನಿಂದಾಗುವ ಹಾನಿ ಅಧಿಕ. ಮೋಟಾರು ಗಾಡಿಯಲ್ಲಿ ಚಾಲಕನ ಕಣ್ಣಿನ ಮುಂದಿರುವ ವೇಗಮಾಪಕವು ಈ ಎರಡನೆಯ ಜಾತಿಗೆ ಸೇರಿದುದು.

ಈ ವಿಷಯವನ್ನು ಈ ತಿಂಗಳು ಎತ್ತಿಕೊಳ್ಳಲು ಒಂದು ಕಾರಣವುಂಟು. ಮಲೆನಾಡಿನ ಕಡೆಯ ವಾಚಕರೊಬ್ಬರು ನಮಗೊಂದು ಕಾಗದವನ್ನು ಬರೆದಿದ್ದಾರೆ. ಅವರ ತಂದೆಯವರು ೧೯೬೪ರಲ್ಲಿ ಕೊಂಡ ಅಂಬಾಸಿಡರ್ ಗಾಡಿಯು ಇಂದಿಗೂ ಅವರ ಮನೆಯಲ್ಲಿ ಓಡುವ ಸ್ಥಿತಿಯಲ್ಲಿದೆ. ಕಳೆದ ಎರಡು ವರ್ಷಗಳಲ್ಲಿ ವೇಗಮಾಪಕದ ಸಣ್ಣ ಹಲ್ಲುಚಕ್ರವನ್ನು ಎರಡು ಸಲ ಬದಲಾಯಿಸಿದ್ದಾಗಿದೆ. ಈಗ ಮುಳ್ಳು ಮತ್ತೆ ಅಲ್ಲಾಡದೆ ಬಿದ್ದಿದೆ. ಎರಡನೆಯ ಸಲ ಹಾಕಿದ ಚಕ್ರದಿಂದ ಮುಳ್ಳು ಮೊದಲಿಗಿಂತ ಕಡಮೆ ವೇಗವನ್ನು ತೋರಿಸುತ್ತಿತ್ತೆಂದು ಅವರಿಗೆ ಸಂಶಯ. ಅವರ ಮಗಳು ಈಚೆಗೆ ಗಾಡಿ ನಡೆಸಲು ಕಲಿತಿದ್ದಾಳೆ. ಅಜ್ಜಿಯನ್ನು ಕೂರಿಸಿಕೊಂಡು ಘಟ್ಟದ ರಸ್ತೆಯಲ್ಲಿ ಆಗಾಗ್ಗೆ ಹೋಗಿಬರಬೇಕಾಗಿದೆ. "ಮೂರನೆಯ ಚಕ್ರವನ್ನು ತರಿಸುವುದೋ, ಮುಳ್ಳಿನ ಆಸೆ ಬಿಟ್ಟು ಹಾಗೆಯೇ ಓಡಿಸುವುದೋ?" ಎಂದು ಅವರ ಪ್ರಶ್ನೆ.

ವ್ಯಾಕರಣವನ್ನು ಹೇಳಿಕೊಟ್ಟು ನಿವೃತ್ತರಾದ ನಮಗೆ ಹಲ್ಲುಚಕ್ರಗಳ ಗೊಡವೆ ಏತಕ್ಕೆಂದು ಕೆಲವರು ಕೇಳಬಹುದು. ಕಾರ್ಯವನ್ನು ಕಂಡು ಕಾರಣವನ್ನು ಊಹಿಸುವುದು ನಮ್ಮ ತರ್ಕಶಾಸ್ತ್ರದ ಮೊದಲ ಪಾಠ. ಆ ಪಾಠವು ಪಾಠಶಾಲೆಯಲ್ಲಿ ಎಷ್ಟು ಸಲ್ಲುವುದೋ ಮೋಟಾರಿನ ಕೆಳಗೂ ಅಷ್ಟೇ ಸಲ್ಲುವುದೆಂಬುದನ್ನು ನಾವು ಹಳೆಯ ಗಾಡಿಗಳ ಮೇಸ್ತ್ರಿಗಳ ಪಕ್ಕದಲ್ಲಿ ಕುಳಿತು ನೋಡಿ ತಿಳಿದಿದ್ದೇವೆ. ಅವರಿಂದ ತಿಳಿದುದನ್ನೂ ಪುಸ್ತಕಗಳಿಂದ ತಿಳಿದುದನ್ನೂ ಸೇರಿಸಿ ಇಲ್ಲಿ ಬರೆಯುತ್ತೇವೆ.

ಯಂತ್ರದ ಸ್ವರೂಪ

ಗಾಲಿಯ ಸುತ್ತುಗಳನ್ನು ಎಣಿಸಿ ದಾರಿಯನ್ನು ಅಳೆಯುವ ಉಪಾಯವು ಬಹು ಪುರಾತನವಾದುದು. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿದ್ದ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸನು ತನ್ನ ಗ್ರಂಥದಲ್ಲಿ ಅಂಥ ಒಂದು ರಥವನ್ನು ವರ್ಣಿಸಿದ್ದಾನೆ. ಅದರ ಗಾಲಿಯು ಒಂದು ಸುತ್ತಿಗೆ ಹನ್ನೆರಡೂವರೆ ಅಡಿ ಸಾಗುವುದು. ಪ್ರತಿ ಸುತ್ತಿಗೂ ೪೦೦ ಹಲ್ಲುಗಳ ಚಕ್ರವೊಂದು ಒಂದು ಹಲ್ಲಿನಷ್ಟು ತಿರುಗುವುದು. ಹೀಗೆ ೫೦೦೦ ಅಡಿ, ಅಂದರೆ ಒಂದು ರೋಮನ್ ಮೈಲಿ, ಸಾಗುವಷ್ಟರಲ್ಲಿ ಆ ಚಕ್ರವು ಒಂದು ಸುತ್ತನ್ನು ಮುಗಿಸಿ, ಒಂದು ಬೆಣಚುಕಲ್ಲನ್ನು ಪಾತ್ರೆಯೊಳಕ್ಕೆ ಬೀಳಿಸುವುದು. ಸಂಜೆ ಕಲ್ಲುಗಳನ್ನು ಎಣಿಸಿದರೆ ಆ ದಿನದ ದಾರಿಯ ಲೆಕ್ಕ ಸಿಕ್ಕಿತು. ಇಂದಿನ ಗಾಡಿಗಳಲ್ಲಿ ಕಲ್ಲಿನ ಬದಲು ಅಂಕಿಗಳುಳ್ಳ ಉರುಳೆಗಳಿವೆ, ತತ್ತ್ವವು ಅದೇ.

ವೇಗವನ್ನು ತೋರಿಸುವ ಮುಳ್ಳು ಈಚಿನದು. ಜರ್ಮನಿಯ ಓಟೋ ಶುಲ್ಜೆ ಎಂಬವನು ೧೯೦೨ರಲ್ಲಿ ಅಯಸ್ಕಾಂತದಿಂದ ನಡೆಯುವ ವೇಗಮಾಪಕಕ್ಕೆ ಸನ್ನದನ್ನು ಪಡೆದನು. ಅಂಬಾಸಿಡರ್, ಮಾರಿಸ್, ಫಿಯಟ್ ಮೊದಲಾದ ಗಾಡಿಗಳ ಮೀಟರುಗಳೆಲ್ಲ ಅದೇ ವಂಶದವು.

ಗಾಡಿಯ ಚಲನೆಯು ಮುಳ್ಳಿನವರೆಗೆ ಹೋಗುವ ದಾರಿ ಹೀಗಿದೆ. ಗೇರ್ ಬಾಕ್ಸಿನ ಹಿಂಭಾಗದಲ್ಲಿ, ಹಿಂದಿನ ಗಾಲಿಗಳ ಕಡೆಗೆ ಹೋಗುವ ದಂಡದ ಮೇಲೆ, ತಿರುಪಿನಂತೆ ಸುರುಳಿಯಾದ ಒಂದು ಉಕ್ಕಿನ ಚಕ್ರವುಂಟು. ಮೇಸ್ತ್ರಿಗಳು ಇದನ್ನು ವರ್ಮ್ ಎನ್ನುತ್ತಾರೆ. ಅದರ ಪಕ್ಕದಲ್ಲಿ, ಅದಕ್ಕೆ ಹಲ್ಲು ಕೊಟ್ಟುಕೊಂಡು, ಕಿರುಬೆರಳಿನಷ್ಟು ದಪ್ಪದ ಪಿನಿಯನ್ ಇರುತ್ತದೆ. ಈ ಪಿನಿಯನ್ನಿನಿಂದ ಮುಂದಕ್ಕೆ ಮೀಟರ್ ಕೇಬಲು ಹೊರಡುತ್ತದೆ. ಹೊರಗಿನ ಕೊಳವೆಯು ಅಲುಗುವುದಿಲ್ಲ. ಒಳಗಿನ ಹೆಣೆದ ತಂತಿಯು ಮಾತ್ರ ತಿರುಗುತ್ತದೆ. ಆ ತಂತಿಯ ಚೌಕವಾದ ತುದಿಯು ಮೀಟರಿನೊಳಗೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತದ ಸುತ್ತ, ಅದನ್ನು ಎಲ್ಲಿಯೂ ಮುಟ್ಟದೆ, ಅಲ್ಯುಮಿನಿಯಮಿನ ತೆಳುವಾದ ಬಟ್ಟಲೊಂದು ನಿಂತಿರುತ್ತದೆ. ಅಯಸ್ಕಾಂತವು ತಿರುಗಿದಾಗ ಬಟ್ಟಲಿನಲ್ಲಿ ಸುಳಿಯಾಕಾರದ ವಿದ್ಯುತ್ಪ್ರವಾಹಗಳು ಹುಟ್ಟಿ, ಬಟ್ಟಲೂ ಅದರೊಡನೆ ತಿರುಗಲೆಳಸುತ್ತದೆ. ಕೂದಲಿನಂಥ ಒಂದು ಸ್ಪ್ರಿಂಗು ಅದನ್ನು ಹಿಂದಕ್ಕೆಳೆಯುತ್ತದೆ. ಈ ಎರಡು ಎಳೆತಗಳು ಸಮವಾದ ಎಡೆಯಲ್ಲಿ ಬಟ್ಟಲಿಗಂಟಿದ ಮುಳ್ಳು ನಿಲ್ಲುತ್ತದೆ. ಅದೇ ಅಯಸ್ಕಾಂತದ ದಂಡದಿಂದ ಬೇರೆ ಸಣ್ಣ ಹಲ್ಲುಚಕ್ರಗಳು ಹೊರಟು ಅಂಕಿಯ ಉರುಳೆಗಳನ್ನು ತಿರುಗಿಸುತ್ತವೆ. ಎಂದರೆ, ಕೇಬಲಿನ ತುದಿಯವರೆಗೆ ಮುಳ್ಳಿಗೂ ಅಂಕಿಗೂ ಒಂದೇ ದಾರಿ. ಮೀಟರಿನೊಳಗೆ ಹೋದಮೇಲೆ ಎರಡು ಕವಲು. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಪರೀಕ್ಷೆಯೆಲ್ಲ ಸುಲಭ.

ದೋಷದ ಪರೀಕ್ಷೆ

ಒಂದಿದ್ದರೆ ಇನ್ನೊಂದಿರುವುದು, ಒಂದಿಲ್ಲದಿದ್ದರೆ ಇನ್ನೊಂದಿಲ್ಲದಿರುವುದು: ಈ ಅನ್ವಯ ವ್ಯತಿರೇಕಗಳಿಂದ ಕಾರಣವನ್ನು ನಿಶ್ಚಯಿಸಬೇಕೆಂದು ತಾರ್ಕಿಕರು ಹೇಳುತ್ತಾರೆ. ಅದರಂತೆ ನೋಡೋಣ.

ಮುಳ್ಳೂ ಅಂಕಿಯೂ ಎರಡೂ ನಿಂತಿದ್ದರೆ ದೋಷವು ಎರಡಕ್ಕೂ ಸಾಮಾನ್ಯವಾದ ದಾರಿಯಲ್ಲಿರಬೇಕು. ಅಂದರೆ ಕೇಬಲು ತುಂಡಾಗಿದೆ, ಅದರ ಚೌಕದ ತುದಿಯು ಸವೆದು ದುಂಡಗಾಗಿದೆ, ಇಲ್ಲವೆ ಗೇರ್ ಬಾಕ್ಸಿನ ಪಿನಿಯನ್ನಿನ ಹಲ್ಲುಗಳು ಹೋಗಿವೆ. ಮುಳ್ಳು ಆಡುತ್ತಿದ್ದು ಅಂಕಿಗಳು ಮಾತ್ರ ನಿಂತಿದ್ದರೆ, ಕೇಬಲೂ ಪಿನಿಯನ್ನೂ ನಿರ್ದೋಷಿಗಳು. ಮೀಟರಿನ ಒಳಗಿನ ಚಕ್ರಗಳು ಸವೆದಿವೆ. ಅಂಕಿಗಳು ಓಡುತ್ತಿದ್ದು ಮುಳ್ಳು ಮಾತ್ರ ನಿಂತಿದ್ದರೆ ಆಗಲೂ ದೋಷವು ಮೀಟರಿನೊಳಗೇ ಉಂಟು. ಮುಳ್ಳು ನಡುಗುತ್ತ ಹಿಂದು ಮುಂದೆ ಹಾರುತ್ತಿದ್ದರೆ ಕೇಬಲು ಒಣಗಿರುತ್ತದೆ, ಇಲ್ಲವೆ ಎಲ್ಲಿಯೋ ಬಾಗಿ ಮಡಿಸಿಕೊಂಡಿರುತ್ತದೆ. ಗಾಜಿನ ಒಳಮೈಯಲ್ಲಿ ಎಣ್ಣೆಯ ಮಬ್ಬು ಕಂಡರೆ, ಪಿನಿಯನ್ನಿನ ಬಳಿ ಎಣ್ಣೆ ತಡೆಯುವ ಸೀಲು ಸವೆದು, ಗೇರ್ ಬಾಕ್ಸಿನ ಎಣ್ಣೆಯು ತಿರುಗುವ ತಂತಿಯನ್ನು ಹಿಡಿದು ಮೇಲಕ್ಕೆ ಹತ್ತಿದೆಯೆಂದು ತಿಳಿಯಬೇಕು.

ಎರಡೂ ನಿಂತಿರುವಾಗ ಕೇಬಲೋ ಪಿನಿಯನ್ನೋ ಎಂಬುದನ್ನು ಹೀಗೆ ತಿಳಿಯಬಹುದು. ಬ್ಯಾಟರಿಯ ತಂತಿಯನ್ನು ಮೊದಲು ಬಿಚ್ಚಿಡತಕ್ಕದ್ದು. ಮೀಟರಿನ ಹಿಂದೆ ದೀಪದ ತಂತಿಗಳಿರುವುದರಿಂದ ಈ ಎಚ್ಚರಿಕೆ ಅವಶ್ಯ. ಅನಂತರ ಮೀಟರಿನ ಹಿಂದಿನ ಗಂಟುನಟ್ಟನ್ನು ಬೆರಳಿನಿಂದಲೇ ಬಿಚ್ಚಿ ಕೇಬಲನ್ನು ಕೆಳಗಿಳಿಸಿ, ಒಳಗಿನ ತಂತಿಯ ತುದಿಯನ್ನು ಒಬ್ಬರು ನೋಡುತ್ತಿರಬೇಕು. ಗಾಡಿಯನ್ನು ನ್ಯೂಟ್ರಲಿನಲ್ಲಿಟ್ಟು ಸಮವಾದ ಅಂಗಳದಲ್ಲಿ ಇನ್ನಿಬ್ಬರು ಮೆಲ್ಲನೆ ತಳ್ಳಬೇಕು. ವರ್ಮ್ ಚಕ್ರವು ಗಾಲಿಗಳ ಕಡೆಯ ದಂಡದ ಮೇಲಿರುವುದರಿಂದ ಗೇರು ಹಾಕದಿದ್ದರೂ ತಂತಿ ತಿರುಗಬೇಕು. ತಿರುಗಿದರೆ ಕೆಳಗಿನದೆಲ್ಲ ಸರಿ. ತಿರುಗದಿದ್ದರೆ ತಂತಿಯನ್ನು ಮೇಲಿನಿಂದ ಎಳೆದು ತೆಗೆಯಿರಿ. ಅದು ತುಂಡಾಗಿರದೆ ಇಡಿಯಾಗಿ ಬಂದು, ತುದಿಯ ಚೌಕವೂ ಸರಿಯಾಗಿದ್ದರೆ, ಪಿನಿಯನ್ನು ಸವೆದಿದೆಯೆಂಬುದು ಬಹುಮಟ್ಟಿಗೆ ನಿಶ್ಚಯ.

ಆದರೆ ಇಲ್ಲಿಗೇ ನಿಲ್ಲಕೂಡದು. ನಮ್ಮ ವಾಚಕರ ಗಾಡಿಯಲ್ಲಿ ಆದುದೆಲ್ಲ ಇಲ್ಲಿಗೇ ನಿಂತುದರ ಫಲವೆಂದು ನಾವು ಭಾವಿಸುತ್ತೇವೆ. ಪಿನಿಯನ್ನು ತಾನಾಗಿ ಎರಡು ವರ್ಷಗಳಲ್ಲಿ ಎರಡು ಸಲ ಸವೆಯುವುದಿಲ್ಲ. ಮುಳ್ಳನ್ನೂ ಅಂಕಿಗಳನ್ನೂ ನಡೆಸಲು ಬೇಕಾದ ಬಲವು ಅತ್ಯಲ್ಪ. ಆದರೆ ಕೇಬಲಿನೊಳಗಿನ ಗ್ರೀಸು ಒಣಗಿ ಮೇಣವಾಗಿದ್ದರೆ, ಕೇಬಲು ಮಡಿಸಿಕೊಂಡಿದ್ದರೆ, ಇಲ್ಲವೆ ಮೀಟರಿನ ದಂಡವು ಒಣಗಿ ಬಿಗಿದಿದ್ದರೆ, ಆ ಬಿಗುವೆಲ್ಲವನ್ನೂ ಗೆಲ್ಲಬೇಕಾದುದು ಪಿನಿಯನ್ನಿನ ಹಲ್ಲು. ಒಂದು ಕಡೆ ಎಂಜಿನ್ನಿನ ಬಲ. ಇನ್ನೊಂದು ಕಡೆ ಒಣಗಿದ ಕೇಬಲಿನ ಹಟ. ನಡುವೆ ಸಿಕ್ಕಿ ಸವೆಯುವುದು ಸಾಮಾನ್ಯವಾಗಿ ಉಕ್ಕಿಗಿಂತ ಮೆತ್ತಗಿರುವ ಆ ಪುಟ್ಟ ಚಕ್ರ. ಚಕ್ರವನ್ನಷ್ಟೇ ಬದಲಾಯಿಸಿದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಗೇರ್ ಬಾಕ್ಸಿನಲ್ಲಿ ಎಣ್ಣೆ ಕಡಮೆಯಾಗಿದ್ದರೂ ಪಿನಿಯನ್ನು ಬೇಗ ಹಾಳಾಗುತ್ತದೆ. ಏಕೆಂದರೆ ಅದಕ್ಕೆ ಬೇರೆ ಎಣ್ಣೆಯ ದಾರಿಯಿಲ್ಲ, ಪೆಟ್ಟಿಗೆಯೊಳಗೆ ಸಿಡಿಯುವ ಎಣ್ಣೆಯೇ ಅದಕ್ಕೆ ಆಧಾರ.

ಆದುದರಿಂದ ಚಕ್ರವನ್ನು ತರಿಸುವ ಮೊದಲು ಬಿಗುವೆಲ್ಲಿದೆಯೆಂದು ನೋಡತಕ್ಕದ್ದು. ಎರಡು ತುದಿಗಳನ್ನೂ ಬಿಚ್ಚಿದ ಕೇಬಲಿನ ತಂತಿಯನ್ನು ಬೆರಳಿನಿಂದ ತಿರುಗಿಸಿದರೆ ಅದು ತಡೆಯಿಲ್ಲದೆ ತಿರುಗಬೇಕು. ಹಳೆಯ ತಂತಿಯ ಒಂದು ತುಂಡಿನ ಚೌಕದ ತುದಿಯನ್ನು ಮೀಟರಿನ ಹಿಂಬದಿಗೆ ಹಾಕಿ ತಿರುಗಿಸಿದರೆ ಅದೂ ಹಾಗೆಯೇ ಸರಾಗವಾಗಿ ತಿರುಗಬೇಕು. ಯಾವುದು ಬಿಗಿಯುವುದೋ ಅದೇ ಅಪರಾಧಿ.

ಸ್ನೇಹವಿಧಿ

ಸಂಸ್ಕೃತದಲ್ಲಿ ಸ್ನೇಹವೆಂಬ ಶಬ್ದಕ್ಕೆ ಪ್ರೀತಿಯೆಂದೂ ಎಣ್ಣೆಯೆಂದೂ ಎರಡರ್ಥಗಳುಂಟು. ಎರಡೂ ಘರ್ಷಣೆಯನ್ನು ಕಳೆಯತಕ್ಕವು. ಎರಡನ್ನೂ ಪಾತ್ರವನ್ನೂ ಪ್ರಮಾಣವನ್ನೂ ಅರಿತು ಕೊಡಬೇಕು. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆಯನ್ನು ಧಾರಾಳವಾಗಿ ಬಳಿದು ಅಭ್ಯಾಸವಾದ ನಮ್ಮ ಜನರು ಹೆಚ್ಚು ಎಣ್ಣೆಯೆಂದರೆ ಹೆಚ್ಚು ಕ್ಷೇಮವೆಂದು ತಿಳಿಯುವುದುಂಟು. ವೇಗಮಾಪಕದ ವಿಷಯದಲ್ಲಿ ಇದು ವಿಪರೀತಕ್ಕೆ ಕಾರಣವಾಗುತ್ತದೆ. ತಂತಿಗೆ ಹಚ್ಚಿದ ಹೆಚ್ಚಿನ ಗ್ರೀಸು ತಿರುಗುವಾಗ ಮೇಲಕ್ಕೆ ಏರಿ ಮೀಟರಿನೊಳಗೆ ಸೇರುತ್ತದೆ. ಅಯಸ್ಕಾಂತಕ್ಕೂ ಬಟ್ಟಲಿಗೂ ನಡುವೆ ಅಂಟು ಕೂಡಿದರೆ, ಅವೆರಡೂ ಕಟ್ಟುಬಿದ್ದಂತಾಗಿ ಮುಳ್ಳು ಒಮ್ಮೆಲೆ ಕೊನೆಯ ಅಂಕಿಗೆ ಹಾರುತ್ತದೆ, ಇಲ್ಲವೆ ಎಲ್ಲಿಯೋ ಅಂಟಿಕೊಳ್ಳುತ್ತದೆ.

ಕೇಬಲಿಗೆ ಎಣ್ಣೆಯೂಡುವ ಕ್ರಮ ಇದು. ಒಳಗಿನ ತಂತಿಯನ್ನು ಹೊರತೆಗೆದು, ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹಳೆಯ ಮೇಣವನ್ನೆಲ್ಲ ಒರಸಿರಿ. ಈ ಕೆಲಸವನ್ನು ಬಯಲಿನಲ್ಲಿ ಮಾಡತಕ್ಕದ್ದು. ಬಳಿಯಲ್ಲಿ ದೀಪವಾಗಲಿ ಒಲೆಯಾಗಲಿ ಇರಕೂಡದು. ತಂತಿಯನ್ನು ಸಮವಾದ ಮೇಜಿನ ಮೇಲಿಟ್ಟು ಉರುಳಿಸಿದರೆ ಅದರ ಸೊಟ್ಟಗಳು ಕಾಣುತ್ತವೆ. ಒಂದು ಕಡೆ ಕುಪ್ಪಳಿಸಿದರೆ ಆ ತಂತಿಯನ್ನು ಬಿಟ್ಟು ಹೊಸತನ್ನು ತರಬೇಕು. ಅನಂತರ ಗ್ರೀಸನ್ನು ಬೆರಳಿನಿಂದ ತೆಳುವಾಗಿ ಸವರಿ, ತಂತಿಯನ್ನು ಕೊಳವೆಯೊಳಗೆ ಪೂರ್ತಿಯಾಗಿ ಸೇರಿಸಿ, ಮತ್ತೆ ಮೀಟರಿನ ಕಡೆಯಿಂದ ಸುಮಾರು ೮ ಅಂಗುಲದಷ್ಟು ಹೊರಗೆಳೆದು, ಆ ಭಾಗಕ್ಕೆ ಅಂಟಿದ ಗ್ರೀಸನ್ನೆಲ್ಲ ಒರಸಿಬಿಡಬೇಕು. ಮೇಲಿನ ೮ ಅಂಗುಲ ಒಣಗಿದ್ದರೆ ಗ್ರೀಸು ಮೀಟರಿಗೆ ಹತ್ತುವುದಿಲ್ಲ. ಕೊನೆಗೆ ತಂತಿಯ ತುದಿಯು ಕೊಳವೆಯಿಂದ ಒಂದು ಅಂಗುಲದ ಎಂಟನೆಯ ಮೂರು ಪಾಲಿನಷ್ಟು ಹೊರಗೆ ಚಾಚಿಕೊಂಡಿರಬೇಕು. ಕೇಬಲನ್ನು ಕೂರಿಸುವಾಗ ಎಲ್ಲಿಯೂ ೬ ಅಂಗುಲ ತ್ರಿಜ್ಯಕ್ಕಿಂತ ಇಕ್ಕಟ್ಟಾಗಿ ಬಾಗಿಸಕೂಡದು. ಈ ಅಳತೆಗಳು ಸ್ಮಿತ್ಸ್ ಕಂಪೆನಿಯ ಮೀಟರುಗಳಿಗೆ ಹೇಳಿದವು. ಆ ಜಾತಿಯ ಇತರ ಮೀಟರುಗಳಿಗೂ ಒಳ್ಳೆಯ ಮಾರ್ಗದರ್ಶಿಗಳು.

ಅಡುಗೆಮನೆಯ ಎಣ್ಣೆಯನ್ನು ಯಾವ ಕಾರಣಕ್ಕೂ ಹಾಕಕೂಡದು. ಕೊಬ್ಬರಿಎಣ್ಣೆಯು ಸುಮಾರು ೨೪ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವುದನ್ನು ಪುಷ್ಯಮಾಸದ ಬೆಳಗ್ಗೆ ಎಲ್ಲ ಗೃಹಿಣಿಯರೂ ಕಂಡಿದ್ದಾರೆ. ಮಲೆನಾಡಿನ ಚಳಿಯಲ್ಲಿ ಅದು ಕೇಬಲಿನೊಳಗೂ ಹಾಗೆಯೇ ಮಾಡುವುದು. ಹರಳೆಣ್ಣೆ, ಎಳ್ಳೆಣ್ಣೆಗಳು ಕಾಲಕ್ರಮದಲ್ಲಿ ಜಿಗುಟಾಗುತ್ತವೆ. ಗೇರ್ ಬಾಕ್ಸಿಗೆ ಗಾಡಿಯ ಕೈಪಿಡಿ ಹೇಳಿದ ಎಣ್ಣೆಯನ್ನು ಹೇಳಿದ ಮಟ್ಟದವರೆಗೆ ತುಂಬಿಟ್ಟರೆ ಸಾಕು, ಪಿನಿಯನ್ನಿಗೆ ಬೇರೆ ಉಪಚಾರ ಬೇಕಿಲ್ಲ. ಮೀಟರಿನ ಹಿಂಬದಿಯಲ್ಲಿ ಎಣ್ಣೆಯ ರಂಧ್ರವಿದ್ದರೆ ಗಡಿಯಾರದ ಎಣ್ಣೆ ಒಂದೇ ಹನಿ. ಇಲ್ಲದಿದ್ದರೆ ಏನೂ ಬೇಡ.

ಚಕ್ರದ ಬದಲಾವಣೆ

ಬಿಗುವನ್ನು ಕಳೆದ ಮೇಲೆ ಪಿನಿಯನ್ನಿನ ಸರದಿ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಕೈಬ್ರೇಕು ಹಾಕಿ, ಗಾಲಿಗಳಿಗೆ ಮುಂದೂ ಹಿಂದೂ ಒತ್ತುಗಲ್ಲು ಕೊಡಬೇಕು. ಬರಿಯ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಗ್ಗಕೂಡದು. ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡುಗಳಿಲ್ಲದಿದ್ದರೆ ಈ ಭಾಗವನ್ನು ಮೇಸ್ತ್ರಿಗೇ ಬಿಡುವುದು ಲೇಸು. ಎಂಜಿನ್ನು ತಣ್ಣಗಾಗಿರಬೇಕು. ಗೇರ್ ಬಾಕ್ಸಿನ ಹಿಂಭಾಗದಲ್ಲಿ ಕೇಬಲು ಸೇರುವ ಕಡೆ ಸುತ್ತಲಿನ ಕೊಳೆಯನ್ನು ಮೊದಲು ಒರಸಿ ತೆಗೆಯಿರಿ. ಇಲ್ಲದಿದ್ದರೆ ಮರಳು ಪೆಟ್ಟಿಗೆಯೊಳಗೆ ಬೀಳುವುದು. ಕೆಳಗೊಂದು ತಟ್ಟೆಯನ್ನಿಟ್ಟು, ಕೇಬಲನ್ನು ಬಿಚ್ಚಿ, ಪಿನಿಯನ್ನು ಕುಳಿತಿರುವ ಗೂಡನ್ನು ಬಿಚ್ಚಿದರೆ ಪಿನಿಯನ್ನು ಹೊರಬರುತ್ತದೆ.

ಒಳ್ಳೆಯ ಹಲ್ಲಿನ ಎರಡು ಮಗ್ಗುಲುಗಳೂ ಸಮನಾಗಿರುತ್ತವೆ. ಸವೆದ ಹಲ್ಲು ಒಂದು ಮಗ್ಗುಲಿಗೆ ತೆಳುವಾಗಿ ಕೊಕ್ಕೆಯಂತಾಗಿರುತ್ತದೆ, ಇಲ್ಲವೆ ನಡುವೆ ಹಳ್ಳ ಬಿದ್ದಿರುತ್ತದೆ. ರಂಧ್ರದೊಳಗೆ ಟಾರ್ಚಿನ ಬೆಳಕು ಬಿಟ್ಟು ವರ್ಮ್ ಚಕ್ರವನ್ನೂ ನೋಡಬೇಕು. ಅದರ ಎಲ್ಲ ಮೈಯೂ ಕಾಣಬೇಕಾದರೆ ಕೆಳಗಿದ್ದವರು ಹೊರಬಂದು, ಗಾಡಿಯನ್ನು ನೆಲಕ್ಕಿಳಿಸಿ ಸ್ವಲ್ಪ ತಳ್ಳಿ, ಒತ್ತು ಕೊಟ್ಟು ಮತ್ತೆ ನೋಡತಕ್ಕದ್ದು. ಅದರ ಮೇಲೆ ಒರಟು ಅಂಚು ಕಂಡರೆ ಹೊಸ ಪಿನಿಯನ್ನೂ ಅದಕ್ಕೆ ಆಹುತಿಯಾಗುವುದು. ವರ್ಮನ್ನು ಬದಲಾಯಿಸಲು ಗೇರ್ ಬಾಕ್ಸಿನ ಹಿಂಭಾಗವನ್ನೇ ಬಿಚ್ಚಬೇಕಾದುದರಿಂದ ಅದು ಮೇಸ್ತ್ರಿಯ ಕೆಲಸ. ಗೂಡಿನ ಬುಷ್ಷು ಸಡಿಲವಾಗಿದ್ದರೆ ಹಲ್ಲುಗಳು ಒಂದರೊಳಗೊಂದು ಪೂರ್ತಿ ಕೂರದೆ ತುದಿಯಲ್ಲಷ್ಟೇ ಹಿಡಿದು ಬೇಗ ಸವೆಯುತ್ತವೆ. ಸೀಲನ್ನು ಹೇಗೂ ಹೊಸದಾಗಿ ಹಾಕುವುದು ಮಿತವ್ಯಯ.

ಇನ್ನು ಮುಖ್ಯವಾದ ಮಾತು. ಹಳೆಯ ಪಿನಿಯನ್ನನ್ನು ಎಸೆಯಬೇಡಿರಿ. ಅದರ ಹಲ್ಲುಗಳನ್ನು ಎಣಿಸಿ ಬರೆದಿಡಿರಿ. ಉಳಿದ ಹಲ್ಲುಗಳ ಬುಡಗಳಿಂದಲಾದರೂ ಎಣಿಕೆ ಸಿಗುತ್ತದೆ. ಅಂಬಾಸಿಡರ್ ಗಾಡಿಯ ನಿರ್ಮಾಣವು ಪಶ್ಚಿಮ ಬಂಗಾಳದ ಉತ್ತರಪಾಡದ ಕಾರ್ಖಾನೆಯಲ್ಲಿ ೨೦೧೪ರ ಮೇ ತಿಂಗಳಿನಲ್ಲಿ ನಿಂತುಹೋಯಿತು. ಈಗ ಸಿಗುವ ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಪೇಟೆಗಳಲ್ಲಿ ಉಳಿದವು, ಹಳೆಯ ಗಾಡಿಗಳಿಂದ ಬಿಚ್ಚಿದವು, ಇಲ್ಲವೆ ಬೇರೆಯವರು ಮಾಡಿದವು. ಐವತ್ತಕ್ಕೂ ಹೆಚ್ಚು ವರ್ಷ ನಡೆದ ಆ ನಿರ್ಮಾಣದಲ್ಲಿ ಎಂಜಿನ್ನೂ ಗೇರ್ ಬಾಕ್ಸೂ ಬದಲಾಗಿವೆ. ಈಚಿನ ಇಸುಜು ಎಂಜಿನ್ನಿನ ಗಾಡಿಗಳಲ್ಲಿ ಐದು ಗೇರಿನ ಪೆಟ್ಟಿಗೆಯುಂಟು. ಆದುದರಿಂದ "ಅಂಬಾಸಿಡರಿನ ಪಿನಿಯನ್" ಎಂದು ಹೆಸರು ಹೇಳಿ ತಂದುದು ನಿಮ್ಮ ಗಾಡಿಯದೇ ಆಗಿರಬೇಕೆಂಬ ನಿಯಮವಿಲ್ಲ. ಹೆಚ್ಚುಕಡಮೆ ಕೂರುವಂಥದೊಂದು ಸಿಕ್ಕಿದರೆ ಮುಳ್ಳು ಆಡತೊಡಗುತ್ತದೆ. ಮನೆಯವರಿಗೆ ಸಂತೋಷ, ಮೇಸ್ತ್ರಿಗೆ ಕೂಲಿ. ಸುಳ್ಳು ಹುಟ್ಟುವುದು ಇಲ್ಲಿಯೇ.

ಉದಾಹರಣೆಗೆ ೧೨ ಹಲ್ಲಿನ ಪಿನಿಯನ್ನಿದ್ದ ಕಡೆಯಲ್ಲಿ ೧೪ ಹಲ್ಲಿನದನ್ನು ಹಾಕಿದರೆಂದು ಇಟ್ಟುಕೊಳ್ಳೋಣ. ವರ್ಮಿನ ಅಷ್ಟೇ ಸುತ್ತುಗಳಿಗೆ ಕೇಬಲು ಈಗ ಕಡಮೆ ಸುತ್ತು ತಿರುಗುವುದು. ಗಾಡಿಯು ೬೦ರ ವೇಗದಲ್ಲಿ ಓಡುತ್ತಿರುವಾಗ ಮುಳ್ಳು ೫೧ನ್ನು ತೋರಿಸುವುದು. ೧೦೦೦ ಕಿಲೋಮೀಟರು ಓಡಿದರೆ ಅಂಕಿಗಳು ೮೫೭ನ್ನೇ ಬರೆಯುವುವು; ಎಣ್ಣೆ ಬದಲಾಯಿಸುವ ಗಡುವು ದಾಟಿದ್ದರೂ ತಿಳಿಯುವುದಿಲ್ಲ. ಘಟ್ಟದ ಇಳಿಜಾರಿನ ತಿರುವಿನಲ್ಲಿ, ಹಳೆಯ ಡ್ರಮ್ ಬ್ರೇಕುಗಳ ಗಾಡಿಯಲ್ಲಿ, ಹೊಸದಾಗಿ ಕಲಿತ ಚಾಲಕಿಯು ತಾನು ಮೆಲ್ಲಗಿದ್ದೇನೆಂದು ನಂಬಿ ಬರುವುದೆಂದರೆ ಏನೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಮುಳ್ಳು ನಿಂತೇ ಇದ್ದಿದ್ದರೆ ಅವಳು ರಸ್ತೆಯನ್ನು ನೋಡಿ ಅಂಜಿಕೆಯಿಂದ ನಡೆಸುತ್ತಿದ್ದಳು.

ಪೇಟೆಯಲ್ಲಿ ಸರಿಯಾದುದು ಸಿಗದಿದ್ದರೆ, ಹಳೆಯ ಪಿನಿಯನ್ನನ್ನು ಮಾದರಿಯಾಗಿ ಕೊಟ್ಟು ಹಲ್ಲು ಕೊರೆಯುವ ಕಾರ್ಖಾನೆಯಲ್ಲಿ ಹೊಸತನ್ನು ಮಾಡಿಸಬಹುದು. ಈಗ ಪ್ಲಾಸ್ಟಿಕ್ಕನ್ನು ಪದರ ಪದರವಾಗಿ ಮುದ್ರಿಸಿ ಚಕ್ರಗಳನ್ನು ಮಾಡುವ ಯಂತ್ರಗಳೂ ಬಂದಿವೆ. ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಬಳಸುವ ಪಿ.ಎಲ್.ಎ. ಎಂಬ ಪ್ಲಾಸ್ಟಿಕ್ಕು ಸುಮಾರು ೬೦ ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಮೆತ್ತಗಾಗುತ್ತದೆ. ಗೇರ್ ಬಾಕ್ಸಿನ ಎಣ್ಣೆ ಅದಕ್ಕಿಂತ ಹೆಚ್ಚು ಕಾಯುವುದುಂಟು. ನೈಲಾನಿನಂಥ ಗಟ್ಟಿಯಾದ ಪದಾರ್ಥವನ್ನೇ ಕೇಳಿ ಮಾಡಿಸತಕ್ಕದ್ದು.

ಮೀಟರಿನ ಒಳಗಿನ ಚಕ್ರಗಳ ವಿಷಯ ಬೇರೆ. ಅವುಗಳಲ್ಲಿ ಕೆಲವನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದಿರುತ್ತಾರೆ. ಆ ಲೋಹದಲ್ಲಿ ಸೀಸದಂಥ ಕಶ್ಮಲವು ಸೇರಿದ್ದರೆ, ದಶಕಗಳ ಮೇಲ್ಪಟ್ಟು ಅದು ತಾನಾಗಿಯೇ ಉಬ್ಬಿ ಬಿರಿದು ಪುಡಿಯಾಗುವುದು. ಅದಕ್ಕೆ ಎಣ್ಣೆಯಿಂದ ಪರಿಹಾರವಿಲ್ಲ. ಕೂದಲಿನ ಸ್ಪ್ರಿಂಗು ಒಮ್ಮೆ ಬಾಗಿದರೆ ಮುಳ್ಳು ಮತ್ತೆ ನಿಜ ಹೇಳದು. ಇನ್ನೊಂದು ಅಪಾಯವನ್ನೂ ಹೇಳಬೇಕು: ಕತ್ತಲೆಯಲ್ಲಿ ಹೊಳೆಯಲೆಂದು ಕೆಲವು ಹಳೆಯ ಮೀಟರುಗಳ ಅಂಕಿಗಳಿಗೆ ರೇಡಿಯಮ್ ಸೇರಿಸಿದ ಬಣ್ಣವನ್ನು ಬಳಿಯುತ್ತಿದ್ದರು. ಹೊಳಪು ಅಡಗಿದ್ದರೂ ರೇಡಿಯಮಿನ ಶಕ್ತಿಯು ಅರ್ಧಕ್ಕಿಳಿಯಲು ೧೬೦೦ ವರ್ಷಗಳು ಬೇಕು. ಅದನ್ನು ಕೆರೆಯುವುದೂ ಅದರ ಪುಡಿಯನ್ನು ಉಸಿರಿನೊಡನೆ ಸೇವಿಸುವುದೂ ಆರೋಗ್ಯಕ್ಕೆ ಹಾನಿಕರ. ಆದಕಾರಣ ಮೀಟರಿನ ಗಾಜನ್ನು ಮನೆಯಲ್ಲಿ ಬಿಚ್ಚದೆ, ಆ ಕಸುಬಿನವರಿಗೇ ಒಪ್ಪಿಸತಕ್ಕದ್ದು.

ಲೆಕ್ಕದ ತಾಳೆ

ಸರಿಯಾದ ಚಕ್ರ ಬಿದ್ದಿದೆಯೆ ಎಂಬುದನ್ನು ಅಂಗಳದಲ್ಲಿಯೇ ತಿಳಿಯಬಹುದು. ಸ್ಮಿತ್ಸ್ ಮೀಟರುಗಳ ಮುಖದ ಮೇಲೆ ಸಣ್ಣ ಅಂಕಿಯೊಂದು, ಉದಾಹರಣೆಗೆ ೧೬೦೦ ಎಂದು, ಇರುತ್ತದೆ. ಒಂದು ಮೈಲಿಗೆ ಕೇಬಲು ಅಷ್ಟು ಸುತ್ತು ತಿರುಗಿದರೆ ಈ ಮೀಟರು ಸತ್ಯವನ್ನು ಹೇಳುವುದೆಂದು ಅದರ ಅರ್ಥ. ಕೇಬಲಿನ ಮೇಲ್ತುದಿಯನ್ನು ಬಿಚ್ಚಿ, ಒಳತಂತಿಗೆ ಕಾಗದದ ಚಿಕ್ಕ ಬಾವುಟವನ್ನು ಅಂಟಿಸಿರಿ. ಹಿಂದಿನ ಗಾಲಿಗೆ ಸುಣ್ಣದ ಗುರುತು ಹಾಕಿ, ಗಾಲಿಯು ಸರಿಯಾಗಿ ೬ ಸುತ್ತು ಉರುಳುವವರೆಗೆ ಗಾಡಿಯನ್ನು ನೆಟ್ಟಗೆ ತಳ್ಳಿರಿ. ಅಷ್ಟರಲ್ಲಿ ಬಾವುಟ ಎಷ್ಟು ಸುತ್ತು ತಿರುಗಿತೆಂದು ಮಕ್ಕಳು ಎಣಿಸಲಿ. ಗಾಲಿಯ ನಡುವಿನಿಂದ ನೆಲದವರೆಗಿನ ಎತ್ತರವನ್ನು ಅಂಗುಲಗಳಲ್ಲಿ ಅಳೆಯಿರಿ. ೧೬೮೦ನ್ನು ಬಾವುಟದ ಸುತ್ತುಗಳಿಂದ ಗುಣಿಸಿ, ಆ ಅಂಗುಲಗಳಿಂದ ಭಾಗಿಸಿದರೆ ಮೈಲಿಗೆ ಕೇಬಲಿನ ಸುತ್ತುಗಳು ಬರುತ್ತವೆ. ಈ ೧೬೮೦ ಎಲ್ಲಿಂದ ಬಂದಿತೆಂದರೆ, ಮೈಲಿಗೆ ೬೩,೩೬೦ ಅಂಗುಲಗಳು. ಗಾಲಿಯ ಆರು ಸುತ್ತೆಂದರೆ ತ್ರಿಜ್ಯದ ಸುಮಾರು ೩೭.೭ರಷ್ಟು; ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಉಳಿಯುವುದು ಇದೇ. ಮೀಟರು ಕಿಲೋಮೀಟರಿನದಾದರೆ ೧೬೮೦ರ ಬದಲು ೧೦೪೪ನ್ನು ಹಿಡಿಯಬೇಕು.

ಎತ್ತರವು ೧೨ ಅಂಗುಲವಾಗಿದ್ದು ಬಾವುಟವು ಹನ್ನೊಂದೂವರೆ ಸುತ್ತು ತಿರುಗಿದರೆ ಫಲವು ೧೬೧೦. ಮುಖದ ಮೇಲಿನ ೧೬೦೦ಕ್ಕೆ ಇದು ಬಹಳ ಸಮೀಪ, ಚಕ್ರ ಸರಿಯಾಗಿದೆ. ಬಾವುಟವು ೧೦ ಸುತ್ತು ಮಾತ್ರ ತಿರುಗಿದರೆ ಫಲವು ೧೪೦೦. ಗಾಡಿಯು ೪೦ರಲ್ಲಿ ಓಡುವಾಗ ಮುಳ್ಳು ೩೫ನ್ನು ತೋರಿಸುವುದು, ಚಕ್ರವನ್ನು ಹಿಂದಿರುಗಿಸತಕ್ಕದ್ದು. ಟಾಯರುಗಳ ಅಳತೆಯನ್ನು ಬದಲಾಯಿಸಿದ್ದರೂ ಈ ಲೆಕ್ಕವು ಅದನ್ನು ಹೊರಗೆಡಹುತ್ತದೆ.

ಕೊನೆಗೆ ರಸ್ತೆಯ ಪರೀಕ್ಷೆ. ಹೆದ್ದಾರಿಯ ಎರಡು ಕಿಲೋಮೀಟರ್ ಕಲ್ಲುಗಳ ನಡುವೆ ವೇಗವನ್ನು ಒಂದೇ ಸಮನೆ ಹಿಡಿದು, ಪಕ್ಕದಲ್ಲಿ ಕುಳಿತವರು ಕೈಗಡಿಯಾರವನ್ನು ನೋಡಲಿ. ೪೦ ಕಿಲೋಮೀಟರ್ ವೇಗಕ್ಕೆ ೯೦ ಸೆಕೆಂಡು, ೫೦ಕ್ಕೆ ೭೨, ೬೦ಕ್ಕೆ ೬೦ ಆಗಬೇಕು. ಮುಖವು ಮೈಲಿಗಳದಾಗಿದ್ದರೆ ೩೦ ಮೈಲಿಯ ವೇಗಕ್ಕೆ ಸುಮಾರು ೭೫ ಸೆಕೆಂಡು. ಉಪಗ್ರಹಗಳ ನೆರವಿನಿಂದ ವೇಗವನ್ನು ಹೇಳುವ ಮೊಬೈಲ್ ಫೋನನ್ನೂ ಸಾಕ್ಷಿಯಾಗಿ ಇಟ್ಟುಕೊಳ್ಳಬಹುದು. ಗಡಿಯಾರವನ್ನಾಗಲಿ ಫೋನನ್ನಾಗಲಿ ಚಾಲಕರು ನೋಡಕೂಡದು.

ಹಳೆಯ ಗಾಡಿಯುಳ್ಳವರು ಒಂದು ಸಣ್ಣ ಪುಸ್ತಕವನ್ನಿಟ್ಟು, ಪಿನಿಯನ್ನು ಬದಲಾಯಿಸಿದ ದಿನ, ಅದರ ಹಲ್ಲುಗಳ ಸಂಖ್ಯೆ, ಆ ದಿನ ಮೀಟರಿನಲ್ಲಿದ್ದ ಅಂಕಿ ಇವುಗಳನ್ನು ಬರೆದಿಡುವುದು ಉಚಿತ. ಅಂಕಿಗಳು ಹೇಳುವುದು ಕೇಬಲು ಎಷ್ಟು ಸುತ್ತು ತಿರುಗಿತೆಂಬುದನ್ನು ಮಾತ್ರ; ಐದು ಉರುಳೆಗಳ ಮೀಟರು ೯೯,೯೯೯ ಆದೊಡನೆ ಮತ್ತೆ ಸೊನ್ನೆಯಿಂದ ಪ್ರಾರಂಭವಾಗುತ್ತದೆ. ಮುಂದೆ ಗಾಡಿಯನ್ನು ಕೊಳ್ಳುವವರಿಗೆ ಈ ಪುಸ್ತಕವು ಮೀಟರಿಗಿಂತ ದೊಡ್ಡ ಸಾಕ್ಷಿ. ಕೇಂದ್ರ ಸರ್ಕಾರವು ೨೦೨೧ರ ಜುಲೈ ತಿಂಗಳಿನಲ್ಲಿ ಮಾಡಿದ ನಿಯಮಗಳಂತೆ, ಮೊದಲ ನೋಂದಣಿಯಾಗಿ ೫೦ ವರ್ಷಕ್ಕೆ ಮೀರಿದ, ಮೂಲ ರೂಪದಲ್ಲಿಯೇ ಉಳಿದಿರುವ ಗಾಡಿಗಳಿಗೆ ವಿಂಟೇಜ್ ಎಂಬ ಬೇರೆ ನೋಂದಣಿಯುಂಟು. ಆ ನೋಂದಣಿಯನ್ನು ಪಡೆದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ ಮುಂತಾದವುಗಳಿಗೆ ಹೊರತು ನಿತ್ಯದ ಓಡಾಟಕ್ಕೆ ಬಳಸಕೂಡದು. ಅಜ್ಜಿಯವರನ್ನು ಕರೆದೊಯ್ಯುವ ಗಾಡಿಗೆ ಸಾಧಾರಣ ನೋಂದಣಿಯನ್ನೇ ಕಾಲಕಾಲಕ್ಕೆ ನವೀಕರಿಸಿಕೊಂಡು ಬರತಕ್ಕದ್ದು.

ನಮ್ಮ ವಾಚಕರಿಗೆ ಉತ್ತರವಿಷ್ಟೆ. ಮೂರನೆಯ ಚಕ್ರವನ್ನು ತರಿಸಿರಿ. ಆದರೆ ಅದಕ್ಕೆ ಮೊದಲು ಕೇಬಲನ್ನು ಬಿಚ್ಚಿ ಒರಸಿ ಗ್ರೀಸು ಹಚ್ಚಿರಿ, ಮೀಟರು ಬಿಗಿದಿದೆಯೆ ನೋಡಿರಿ, ಗೇರ್ ಬಾಕ್ಸಿನ ಎಣ್ಣೆಯನ್ನು ನೋಡಿರಿ. ಮನೆಯಲ್ಲಿ ಉಳಿದಿದ್ದರೆ ಮೊದಲಿಗೆ ಗಾಡಿಯೊಡನೆ ಬಂದ ಪಿನಿಯನ್ನಿನ ಹಲ್ಲುಗಳನ್ನು ಎಣಿಸಿರಿ. ಉಳಿದಿಲ್ಲವಾದರೆ ಮೇಲಿನ ಲೆಕ್ಕವೇ ಗತಿ. ಆ ಎಣಿಕೆಯ ಕೆಲಸವನ್ನು ಮಗಳ ಕೈಯಿಂದಲೇ ಮಾಡಿಸಿರಿ. ತಾನೇ ತಾಳೆ ನೋಡಿದ ಮುಳ್ಳನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು ಆಕೆಗೆ ತಿಳಿದಿರುತ್ತದೆ. ಅದು ಸರಿಹೋಗುವವರೆಗೆ ಮೀಟರಿನ ಮೇಲೆ ಒಂದು ಕಾಗದವನ್ನು ಅಂಟಿಸಿ ಮುಚ್ಚಿಬಿಟ್ಟು, ಘಟ್ಟವನ್ನು ಕೆಳಗಿನ ಗೇರಿನಲ್ಲಿ ಮೆಲ್ಲಗೆ ಇಳಿಯುವುದು ಕ್ಷೇಮ.